‘ಇಸ್ನೋಫಿಲಿಯಾ’: ರಕ್ತದ ಎಣಿಕೆಯೊಂದು ರೋಗದ ಹೆಸರಾದ ಬಗೆ

ಜನಪದರು ರೋಗಗಳಿಗೆ ಹೆಸರಿಡುವ ಕ್ರಮವನ್ನು ಕುರಿತು ನಮ್ಮ ಅಧ್ಯಯನಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ರೋಗದ ರೂಪವನ್ನು ಕಂಡು ಇಟ್ಟ ಹೆಸರುಗಳಿವೆ; ಆನೆಕಾಲು, ಸರ್ಪಸುತ್ತು, ಮಂಗನಬಾವು ಇದಕ್ಕೆ ನಿದರ್ಶನ. ಸದ್ದನ್ನು ಕೇಳಿ ಇಟ್ಟ ನಾಯಿಕೆಮ್ಮಿನಂತಹ ಹೆಸರುಗಳಿವೆ. ದೈವದ ಮುನಿಸಿನೊಡನೆ ಹೊಂದಿಸಿ ಹೇಳುವ ‘ಅಮ್ಮ’ ಎಂಬ ಹೆಸರಿದೆ. ಶೀತ, ಉಷ್ಣ, ದೃಷ್ಟಿ ಮೊದಲಾದ ಕಾರಣಮೂಲದ ಹೆಸರುಗಳೂ ಇವೆ. ಇವುಗಳ ಜೊತೆಗೆ ನಮ್ಮ ಕಾಲದಲ್ಲಿ ಇನ್ನೊಂದು ವರ್ಗ ಬಂದು ಸೇರಿಕೊಂಡಿದೆ. ‘ಶುಗರ್’, ‘ಬೀಪಿ’, ‘ಥೈರಾಯ್ಡ್’, ‘ಇಸ್ನೋಫಿಲಿಯಾ’ ಎಂಬ ಮಾತುಗಳು ಇಂದು ಹಳ್ಳಿಯ ಕಟ್ಟೆಯ ಮೇಲೂ ಸಲೀಸಾಗಿ ಓಡಾಡುತ್ತವೆ. ಇವು ಕಣ್ಣಿಗೆ ಕಂಡ ರೂಪದಿಂದಲೋ ಕಿವಿಗೆ ಬಿದ್ದ ಸದ್ದಿನಿಂದಲೋ ಹುಟ್ಟಿದವಲ್ಲ. ಪ್ರಯೋಗಾಲಯದ ಚೀಟಿಯಿಂದ ಹುಟ್ಟಿದವು. ಇವನ್ನು ‘ಚೀಟಿಯ ಹೆಸರುಗಳು’ ಎಂದು ಕರೆಯಬಹುದೆಂದು ನನ್ನ ಅಭಿಪ್ರಾಯ.

ಚೀಟಿಯ ಹೆಸರುಗಳೆಲ್ಲ ಒಂದೇ ಬಗೆಯವಲ್ಲ. ‘ಶುಗರ್’ ಎಂಬ ಮಾತು ರಕ್ತದಲ್ಲಿ ಸಕ್ಕರೆ ಏರಿರುವುದನ್ನು ಹೇಳುತ್ತದೆ. ಆ ರೋಗದಲ್ಲಿ ತೊಂದರೆ ಕೊಡುವುದೂ ಅದೇ ಸಕ್ಕರೆ. ‘ಬೀಪಿ’ಯ ವಿಚಾರವೂ ಬಹುಮಟ್ಟಿಗೆ ಹೀಗೆಯೇ. ‘ಇಸ್ನೋಫಿಲಿಯಾ’ ಹಾಗಲ್ಲ. ಅದು ಒಂದು ಬಗೆಯ ಬಿಳಿರಕ್ತಕಣಗಳ ಸಂಖ್ಯೆ ಹೆಚ್ಚಿದೆ ಎಂಬ ಸೂಚನೆ ಮಾತ್ರ. ಯಾಕೆ ಹೆಚ್ಚಿದೆ ಎಂಬುದನ್ನು ಆ ಮಾತು ಹೇಳುವುದಿಲ್ಲ. ಹೊಟ್ಟೆಯ ಹುಳದಿಂದ ಹಿಡಿದು ರಕ್ತದ ಕ್ಯಾನ್ಸರಿನವರೆಗೆ ಹಲವು ಕಾರಣಗಳು ಅದರ ಹಿಂದೆ ಇರಬಹುದು. ಆದರೂ ಜನರ ಬಾಯಲ್ಲಿ ಅದು ಒಂದು ರೋಗದ ಹೆಸರಾಗಿ ನಿಂತುಬಿಟ್ಟಿದೆ. ಸೀನು, ನೆಗಡಿ, ಒಣಕೆಮ್ಮು, ಉಬ್ಬಸ, ಮೈತುರಿಕೆ ಇವೆಲ್ಲವೂ ‘ಇಸ್ನೋಫಿಲಿಯಾ’ವೇ. ಹೆಸರು ಸಿಕ್ಕಿದೊಡನೆ ಹುಡುಕಾಟ ನಿಲ್ಲುತ್ತದೆ. ಹಾಗೆ ನಿಂತ ಹುಡುಕಾಟಕ್ಕೆ ಕೆಲವರು ತೆತ್ತ ಬೆಲೆ ಸಣ್ಣದಲ್ಲ. ಈ ಲೇಖಕ ವೈದ್ಯನಲ್ಲ. ವೈದ್ಯಕೀಯ ಬರಹಗಳನ್ನು ಓದಿ, ಬಲ್ಲ ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಜಾನಪದ ವಿದ್ಯಾರ್ಥಿಯ ನೆಲೆಯಿಂದ ಇಲ್ಲಿ ವಿವರಿಸಲಾಗಿದೆ.

ಕ್ಷೇತ್ರಕಾರ್ಯದ ಒಂದು ಪ್ರಸಂಗ

2011ರಲ್ಲಿ ನಾನು ತತ್ವಪದಗಳ ಸಂಗ್ರಹಕ್ಕಾಗಿ ಯಾದಗಿರಿ ಜಿಲ್ಲೆಯ ಭೀಮಾತೀರದ ಹಳ್ಳಿಗಳಲ್ಲಿ ತಿರುಗಾಡುತ್ತಿದ್ದೆ. ಆ ಜಿಲ್ಲೆ ಆಗಷ್ಟೇ ಕಲಬುರಗಿಯಿಂದ ಬೇರ್ಪಟ್ಟಿತ್ತು. ಒಂದು ಊರಿನ ಭಜನಾ ಮೇಳದಲ್ಲಿ ಏರುದನಿಯ ಹಾಡುಗಾರರೊಬ್ಬರಿದ್ದರು. ವಯಸ್ಸು ಮೂವತ್ತೈದರ ಆಸುಪಾಸು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸ ಮಾಡುವುದು, ಹಬ್ಬಕ್ಕೆ ಊರಿಗೆ ಬಂದು ರಾತ್ರಿಯಿಡೀ ಹಾಡುವುದು ಅವರ ಬದುಕಿನ ಕ್ರಮವಾಗಿತ್ತು. ನಾನು ಹೋದಾಗ ಅವರು ಹಾಡುತ್ತಿರಲಿಲ್ಲ. ಏಕತಾರಿ ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಕಾರಣ ಕೇಳಿದಾಗ ಅವರು ಹೇಳಿದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ: “ನನಗ ಇಸ್ನೋಫಿಲ್ ಅದರಿ. ರಿಪೋರ್ಟಿನ್ಯಾಗ ಬಂದದ. ಹಗಲೆಲ್ಲಾ ಛಲೋ ಇರ್ತೀನ್ರಿ, ನಡುರಾತ್ರಿ ಆಯ್ತಂದ್ರ ಕೆಮ್ಮು ಎಬ್ಬಿಸಿ ಕುಂದರಸ್ತದ.”

ಅವರ ಎರಡು ವರ್ಷಗಳ ಅಲೆದಾಟದ ಕಥೆ ಹೀಗಿತ್ತು. ಮೊದಲು ಊರಿನ ನಾಟಿವೈದ್ಯರು ಆಡುಸೋಗೆಯ ಕಷಾಯ ಕೊಟ್ಟರು. ಅನಂತರ ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಆಯಿತು. ‘ಇಸ್ನೋಫಿಲ್ ಜಾಸ್ತಿ ಇದೆ’ ಎಂದು ಹೇಳಿ ಸೀನಿನ ಮಾತ್ರೆ, ಕೆಮ್ಮಿನ ಔಷಧಿ ಬರೆದುಕೊಟ್ಟರು. ಕೆಮ್ಮು ನಿಲ್ಲಲಿಲ್ಲ, ಮೈತೂಕ ಇಳಿಯಿತು, ಸಂಜೆ ಜ್ವರ ಬರತೊಡಗಿತು. ಇನ್ನೊಂದು ಕಡೆ ಎದೆಯ ಕ್ಷಕಿರಣ ಚಿತ್ರ ತೆಗೆದಾಗ ಎರಡೂ ಪುಪ್ಪುಸಗಳಲ್ಲಿ ರಾಗಿಕಾಳು ಚೆಲ್ಲಿದಂತೆ ಚುಕ್ಕೆಗಳು ಕಂಡವು. ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ಆದರೂ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರು. ಊರಲ್ಲಿ ಅವರ ಲೋಟ ಬೇರೆಯಾಯಿತು, ಮೇಳದವರು ಪಕ್ಕದಲ್ಲಿ ಕೂರಲು ಹಿಂಜರಿದರು. ಹೆಂಡತಿಯ ಕಿವಿಯ ಬೆಂಡೋಲೆ ಹೋಯಿತು. ಮೃಗಶಿರಾ ಮಳೆಯ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದನ್ನೂ ನುಂಗಿ ಬಂದಿದ್ದರು.

ಕೊನೆಗೆ ಯಾರೋ ಹೇಳಿದರೆಂದು ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದಾಗ ಅಲ್ಲಿನ ಹಿರಿಯ ವೈದ್ಯರು ಅವರ ಬಟ್ಟೆಯ ಚೀಲದಲ್ಲಿದ್ದ ಹಳೆಯ ಚೀಟಿಗಳನ್ನೆಲ್ಲ ಹರವಿ ನೋಡಿದರಂತೆ. ಎರಡು ವರ್ಷದ ಹಿಂದಿನ ಮೊದಲ ಚೀಟಿಯಲ್ಲೇ ಒಟ್ಟು ಬಿಳಿರಕ್ತಕಣಗಳು 14,000, ಅವುಗಳಲ್ಲಿ ಇಯೊಸಿನೊಫಿಲ್ ಶೇ. 28 ಎಂದು ನಮೂದಾಗಿತ್ತು. ಎರಡನ್ನೂ ಗುಣಿಸಿದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 3,920 ಕಣಗಳಾಗುತ್ತವೆ. ಆ ಗುಣಾಕಾರವನ್ನು ಅಲ್ಲಿಯವರೆಗೆ ಯಾರೂ ಮಾಡಿದಂತಿಲ್ಲ. ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಕೆಮ್ಮು ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೆ? ನಿಮ್ಮ ಊರಿನಲ್ಲಿ ಆನೆಕಾಲಿನವರು ಇದ್ದಾರೆಯೆ?

ಕಣ ಮತ್ತು ಎಣಿಕೆ

ಈ ಪ್ರಶ್ನೆಗಳ ಅರ್ಥ ತಿಳಿಯಬೇಕಾದರೆ ಆ ಕಣದ ಪರಿಚಯ ಬೇಕು. 1879ರಲ್ಲಿ ಜರ್ಮನಿಯ ಪೌಲ್ ಎರ್ಲಿಷ್ ಅವರು ರಕ್ತದ ಲೇಪನಕ್ಕೆ ಬೇರೆ ಬೇರೆ ಬಣ್ಣಗಳನ್ನು ಹಾಕಿ ನೋಡುತ್ತಿದ್ದಾಗ ಕೆಲವು ಬಿಳಿರಕ್ತಕಣಗಳೊಳಗಿನ ಹರಳುಗಳು ಇಯೊಸಿನ್ ಎಂಬ ಕೆಂಬಣ್ಣವನ್ನು ಗಾಢವಾಗಿ ಹೀರಿಕೊಳ್ಳುವುದನ್ನು ಕಂಡರು. ಬಣ್ಣದ ಹೆಸರಿನ ಮೂಲದಲ್ಲಿರುವುದು ಗ್ರೀಕರ ಉಷಾದೇವಿ ಇಯೊಸ್. ಹೀಗೆ ‘ಇಯೊಸಿನೊಫಿಲ್’ ಎಂದರೆ ಉಷೆಯ ಬಣ್ಣಕ್ಕೆ ಒಲಿದ ಕಣ ಎಂದಾಗುತ್ತದೆ. ವೇದದ ಉಷಸ್ಸಿಗೂ ಆ ಇಯೊಸ್‌ಗೂ ಭಾಷಾಮೂಲದ ನಂಟಿದೆ. ಇಷ್ಟು ಸೊಗಸಾದ ಹೆಸರು ನಮ್ಮ ಹಳ್ಳಿಗಳಲ್ಲಿ ‘ಇಸ್ನೋಫಿಲ್’, ‘ಸಿನೋಫಿಲಿಯಾ’ ಎಂದೆಲ್ಲ ಸವೆದು ಕೆಮ್ಮಿನ ಹೆಸರಾಗಿರುವುದು ಶಬ್ದಗಳ ಪಯಣದ ಒಂದು ವಿಚಿತ್ರ ನಿದರ್ಶನ.

ಈ ಕಣ ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಕೆಲವೇ ಗಂಟೆಗಳ ಕಾಲ ರಕ್ತದಲ್ಲಿದ್ದು, ಬಳಿಕ ಅಂಗಾಂಶಗಳನ್ನು ಸೇರಿಕೊಳ್ಳುತ್ತದೆ. ಇಂಟರ್‌ಲ್ಯೂಕಿನ್–5 ಎಂಬ ದೇಹಸಂದೇಶವು ಅದರ ಹುಟ್ಟನ್ನೂ ಬಾಳನ್ನೂ ಹೆಚ್ಚಿಸುತ್ತದೆ. ಅದರ ಹರಳುಗಳಲ್ಲಿ ತೀಕ್ಷ್ಣವಾದ ಪ್ರೋಟೀನುಗಳಿವೆ. ಹುಳುವಿನಂತಹ ದೊಡ್ಡ ಪರೋಪಜೀವಿಯನ್ನು ಎದುರಿಸಲು ಇವು ಒದಗುತ್ತವೆ. ಆದರೆ ಕಣಗಳು ಮಿತಿಮೀರಿ ಒಂದು ಅಂಗದಲ್ಲಿ ನೆರೆದಾಗ ಅದೇ ಪ್ರೋಟೀನುಗಳು ಆ ಅಂಗವನ್ನೂ ಸುಡುತ್ತವೆ. ಉರಿಯೂತ ಎಂಬ ಕನ್ನಡ ಮಾತು ಇಲ್ಲಿ ಬಹಳ ಸಮರ್ಪಕವಾಗಿ ಹೊಂದುತ್ತದೆ. ಶ್ವಾಸಕೋಶ, ಚರ್ಮ, ಕರುಳು, ನರ, ಹೃದಯ ಇವುಗಳಲ್ಲಿ ಯಾವುದು ಗುರಿಯಾಗುತ್ತದೆ ಎಂಬುದರ ಮೇಲೆ ರೋಗದ ಚಹರೆ ಬದಲಾಗುತ್ತದೆ.

ಚೀಟಿಯಲ್ಲಿ ಸಾಮಾನ್ಯವಾಗಿ ಮುದ್ರಿತವಾಗುವುದು ಶೇಕಡಾ ಲೆಕ್ಕ. ಜನ ಓದುವುದೂ ಅದನ್ನೇ. ವೈದ್ಯಶಾಸ್ತ್ರ ನೆಚ್ಚುವುದು ಒಟ್ಟು ಸಂಖ್ಯೆಯನ್ನು. ಒಬ್ಬರಲ್ಲಿ ಬಿಳಿರಕ್ತಕಣಗಳು 6,000 ಇದ್ದು ಇಯೊಸಿನೊಫಿಲ್ ಶೇ. 8 ಎಂದು ಬಂದರೆ ಸಂಖ್ಯೆ 480. ಇದು ರೂಢಿಯ ಮಿತಿಯಾದ 500ರ ಒಳಗೇ ಇದೆ. ಇನ್ನೊಬ್ಬರಲ್ಲಿ ಅದೇ ಶೇ. 8 ಇದ್ದು ಬಿಳಿರಕ್ತಕಣಗಳು 14,000 ಆಗಿದ್ದರೆ ಸಂಖ್ಯೆ 1,120. ಮೊದಲನೆಯವರು ‘ನನಗೆ ಇಸ್ನೋಫಿಲಿಯಾ’ ಎಂದು ವರ್ಷಗಟ್ಟಲೆ ಮೊಸರು, ಬಾಳೆಹಣ್ಣು ಬಿಟ್ಟು ಕೂರುತ್ತಾರೆ. ಎರಡನೆಯವರು ‘ಎಂಟೇ ಅದ’ ಎಂದು ಸುಮ್ಮನಾಗುತ್ತಾರೆ. 500ರಿಂದ 1,500ರವರೆಗಿನ ಏರಿಕೆಯನ್ನು ಅಲ್ಪವೆಂದೂ 1,500ರಿಂದ 5,000ದವರೆಗಿನದನ್ನು ಮಧ್ಯಮವೆಂದೂ ಅದಕ್ಕೂ ಮೇಲಿನದನ್ನು ತೀವ್ರವೆಂದೂ ವಿಂಗಡಿಸುವ ವಾಡಿಕೆಯಿದೆ. ಅಲರ್ಜಿಯ ನೆಗಡಿ, ಸಾಧಾರಣ ಉಬ್ಬಸಗಳಲ್ಲಿ ಬಹುಪಾಲು ಅಲ್ಪ ಏರಿಕೆಯಷ್ಟೇ ಕಾಣುತ್ತದೆ. 3,000 ದಾಟಿದ ಚೀಟಿಯನ್ನು ಸೀನಿನ ಚೀಟಿಯೆಂದು ತಿಳಿಯುವುದು ತಪ್ಪು.

ಮದನಪಲ್ಲಿಯಿಂದ ವೆಲ್ಲೂರಿನವರೆಗೆ

ನಮ್ಮ ಹಾಡುಗಾರರನ್ನು ಕಾಡಿದ ರೋಗದ ಹೆಸರು ಉಷ್ಣವಲಯದ ಶ್ವಾಸಕೋಶದ ಇಯೊಸಿನೊಫಿಲಿಯಾ. ಅದರ ಇತಿಹಾಸದ ಮುಖ್ಯ ಅಧ್ಯಾಯಗಳು ನಮ್ಮ ನೆರೆಹೊರೆಯಲ್ಲೇ ನಡೆದಿವೆ. ಕೋಲಾರ ಜಿಲ್ಲೆಯ ಗಡಿಗೆ ಸಮೀಪವಿರುವ ಆಂಧ್ರದ ಮದನಪಲ್ಲಿಯ ಕ್ಷಯರೋಗಿಗಳ ಆರೋಗ್ಯಧಾಮದಲ್ಲಿ ಡೆನ್ಮಾರ್ಕಿನ ವೈದ್ಯ ಫ್ರಿಮೊಟ್ ಮೊಲ್ಲರ್ ಮತ್ತು ಅವರ ಸಹೋದ್ಯೋಗಿ ಬಾರ್ಟನ್ ಅವರು ಕ್ಷಯವೆಂದು ದಾಖಲಾದ ಕೆಲವು ರೋಗಿಗಳಲ್ಲಿ ಕ್ಷಯದ ರೋಗಾಣು ಇಲ್ಲದಿರುವುದನ್ನೂ ಇಯೊಸಿನೊಫಿಲ್‌ಗಳು ವಿಪರೀತವಾಗಿರುವುದನ್ನೂ ಗಮನಿಸಿದರು. 1940ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಅವರು ಇದನ್ನು ಕ್ಷಯದಂತೆ ತೋರುವ, ಆದರೆ ಕ್ಷಯವಲ್ಲದ ಸ್ಥಿತಿಯೆಂದು ಪ್ರಕಟಿಸಿದರು. ಭೀಮಾತೀರದ ಹಾಡುಗಾರರಿಗೆ ಕ್ಷಯದ ಮಾತ್ರೆ ನುಂಗಿಸುವುದಕ್ಕೆ ಏಳು ದಶಕಗಳ ಹಿಂದೆ, ಅಲ್ಲಿಂದ ಒಂದು ದಿನದ ಪ್ರಯಾಣದಷ್ಟು ದೂರದಲ್ಲಿ, ಆ ತಪ್ಪನ್ನು ಗುರುತಿಸಿ ಅಚ್ಚು ಮಾಡಲಾಗಿತ್ತು.

1943ರಲ್ಲಿ ಮುಂಬಯಿಯಲ್ಲಿ ವೃತ್ತಿಯಲ್ಲಿದ್ದ ವೈನ್‌ಗಾರ್ಟನ್ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 81 ರೋಗಿಗಳ ವಿವರ ನೀಡಿ ಇದಕ್ಕೆ ‘ಟ್ರಾಪಿಕಲ್ ಇಯೊಸಿನೊಫಿಲಿಯಾ’ ಎಂದು ಹೆಸರಿಟ್ಟರು. ಚಿಕಿತ್ಸೆ ಸಿಕ್ಕಿದ್ದು ಆಕಸ್ಮಿಕವಾಗಿ. ಇದೇ ಕೆಮ್ಮಿದ್ದ ರೋಗಿಯೊಬ್ಬನಿಗೆ ಪರಂಗಿ ಹುಣ್ಣಿಗೆಂದು ಪಾಷಾಣಯುಕ್ತ ಚುಚ್ಚುಮದ್ದು ಕೊಟ್ಟಾಗ ಕೆಮ್ಮೂ ಹೋಯಿತು. ಕೆಲವು ವರ್ಷ ಪಾಷಾಣವೇ ಇದರ ಮದ್ದಾಗಿತ್ತು. ಪಾಷಾಣದ ಅಪಾಯ ಬಲ್ಲ ನಮ್ಮ ನಾಟಿವೈದ್ಯರಿಗೆ ಈ ಸಂಗತಿ ಹೇಳಿದಾಗ ಅವರು ನಕ್ಕಿದ್ದುಂಟು. 1947ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ನಡೆದ ಸಂಶೋಧನೆಯಿಂದ ಡೈಈಥೈಲ್‌ಕಾರ್ಬಮಜೀನ್ ಎಂಬ ಫೈಲೇರಿಯಾ ಮದ್ದು ಹೊರಬಂತು. ಹೆಟ್ರಾಜಾನ್ ಎಂಬುದು ಅದರ ಮೊದಲ ವ್ಯಾಪಾರನಾಮ. 1950ರ ದಶಕದಲ್ಲಿ ಭಾರತದಲ್ಲೂ ಸಿಂಗಪುರದಲ್ಲೂ ವೈದ್ಯರು ಇದೇ ಮಾತ್ರೆ ಈ ಕೆಮ್ಮನ್ನು ನಿಲ್ಲಿಸುವುದನ್ನು ಕಂಡರು.

ಫೈಲೇರಿಯಾದ ಮದ್ದಿಗೆ ಮಣಿಯುವ ಕೆಮ್ಮು ಫೈಲೇರಿಯಾದಿಂದಲೇ ಬಂದಿರಬೇಕೆಂಬ ಊಹೆ ಸಹಜವಾಗಿ ಮೂಡಿತು. ಆದರೆ ರೋಗಿಗಳ ರಕ್ತದಲ್ಲಿ ಮರಿಹುಳು ಸಿಗುತ್ತಿರಲಿಲ್ಲ. ಈ ಒಗಟನ್ನು 1960ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೆಬ್, ಜಾಬ್ ಮತ್ತು ಗಾಲ್ಟ್ ಬಿಡಿಸಿದರು. ರೋಗಿಗಳ ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿಗಳ ಅಂಗಾಂಶದಲ್ಲಿ ಅವರು ಮರಿಹುಳುಗಳನ್ನು ಪ್ರತ್ಯಕ್ಷ ತೋರಿಸಿದರು. ಹುಳು ರಕ್ತದಲ್ಲಿ ಓಡಾಡುತ್ತಿರಲಿಲ್ಲ, ಒಳಗೆ ಸಿಕ್ಕಿಬಿದ್ದಿತ್ತು.

ಆನೆಕಾಲಿನ ಹುಳು, ರಾತ್ರಿಯ ಕೆಮ್ಮು

ಆನೆಕಾಲು ನಮ್ಮ ನಾಡಿಗೆ ಹೊಸದಲ್ಲ. ಸುಶ್ರುತ ಸಂಹಿತೆ ಅದನ್ನು ಶ್ಲೀಪದವೆಂದು ವರ್ಣಿಸಿದೆ. ಭಾರತದಲ್ಲಿ ಅದಕ್ಕೆ ಬಹುಮಟ್ಟಿಗೆ ಕಾರಣವಾಗುವುದು ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಹುಳು. ಕೊಳಚೆನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹರಡುತ್ತದೆ. ಬೆಳೆದ ಹುಳು ದುಗ್ಧನಾಳಗಳಲ್ಲಿ ನೆಲಸಿ ಮರಿಗಳನ್ನು ಹಾಕುತ್ತದೆ. ಆ ಮರಿಗಳು ಹಗಲಿನಲ್ಲಿ ಶ್ವಾಸಕೋಶದ ಸೂಕ್ಷ್ಮನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿಯ ಹೊತ್ತಿಗೆ ಮೈಯ ಹೊರರಕ್ತಕ್ಕೆ ಬರುತ್ತವೆ. ಆದ್ದರಿಂದಲೇ ಆರೋಗ್ಯ ಇಲಾಖೆಯವರು ಆನೆಕಾಲಿನ ತಪಾಸಣೆಗೆ ರಾತ್ರಿ ಹೊತ್ತು ಮನೆಮನೆಗೆ ಬಂದು ಬೆರಳು ಚುಚ್ಚುತ್ತಾರೆ.

ಸೋಂಕು ತಗಲಿದ ಬಹುಪಾಲು ಜನರ ದೇಹ ಈ ಮರಿಗಳೊಡನೆ ಒಂದು ಬಗೆಯ ರಾಜಿ ಮಾಡಿಕೊಂಡಿರುತ್ತದೆ. ಶೇ. 1ಕ್ಕಿಂತಲೂ ಕಡಿಮೆ ಜನರಲ್ಲಿ ದೇಹ ರಾಜಿಗೆ ಒಪ್ಪುವುದಿಲ್ಲ. ಮರಿಗಳು ಶ್ವಾಸಕೋಶವನ್ನು ಸೇರಿದೊಡನೆ ಪ್ರತಿಕಾಯಗಳು ಅವನ್ನು ಹಿಡಿದುಹಾಕುತ್ತವೆ, ಇಯೊಸಿನೊಫಿಲ್‌ಗಳು ಸುತ್ತುವರಿದು ಕೊಲ್ಲುತ್ತವೆ. ಹುಳು ಸಾಯುತ್ತದೆ ನಿಜ; ಪುಪ್ಪುಸವೂ ಬೇಯುತ್ತದೆ. ರಕ್ತದಲ್ಲಿ ಮರಿಹುಳು ಕಾಣದಿರುವುದಕ್ಕೆ ಇದೇ ಕಾರಣ. ಹೀಗಾಗಿ ರಾತ್ರಿಯ ರಕ್ತಲೇಪನದಲ್ಲಿ ‘ಹುಳು ಇಲ್ಲ’ ಎಂದು ಬಂದ ಮಾತ್ರಕ್ಕೆ ಈ ರೋಗವಿಲ್ಲವೆಂದು ಹೇಳುವಂತಿಲ್ಲ. ಇವರಲ್ಲಿ ಸಾಮಾನ್ಯವಾಗಿ ಕಾಲೂ ಊದಿರುವುದಿಲ್ಲ. ಆನೆಕಾಲಿನ ಹುಳುವಿದ್ದೂ ಆನೆಕಾಲಿಲ್ಲ, ರಕ್ತದಲ್ಲಿ ಹುಳುವೂ ಇಲ್ಲ, ಇರುವುದು ಕೆಮ್ಮು ಮಾತ್ರ. ರೂಪವನ್ನು ನೋಡಿ ಹೆಸರಿಡುವ ಜನಪದರ ಕ್ರಮಕ್ಕೂ ಹುಳುವನ್ನು ನೋಡಿ ಹೆಸರಿಡುವ ಪ್ರಯೋಗಾಲಯದ ಕ್ರಮಕ್ಕೂ ಈ ರೋಗ ಏಕಕಾಲಕ್ಕೆ ತಪ್ಪಿಸಿಕೊಳ್ಳುತ್ತದೆ.

ಹಾಗಾದರೆ ಪತ್ತೆ ಹೇಗೆ? ಹಲವು ಸುಳಿವುಗಳನ್ನು ಕೂಡಿಸಿ ನೋಡುವುದೇ ದಾರಿ. ಫೈಲೇರಿಯಾ ಇರುವ ಪ್ರದೇಶದಲ್ಲಿ ಬಹುಕಾಲ ವಾಸಿಸಿರುವುದು ಮೊದಲನೆಯ ಸುಳಿವು. ವಾರಗಟ್ಟಲೆ, ತಿಂಗಳುಗಟ್ಟಲೆ ರಾತ್ರಿ ಹೊತ್ತು ಹೆಚ್ಚಾಗುವ ಒಣಕೆಮ್ಮು ಮತ್ತು ಉಬ್ಬಸ, ಸಣ್ಣಜ್ವರ, ತೂಕ ಇಳಿಯುವುದು ಇನ್ನೊಂದು. ಮರಿಹುಳುಗಳ ರಾತ್ರಿ ಸಂಚಾರಕ್ಕೂ ರಾತ್ರಿ ಕೆಮ್ಮಿಗೂ ನಂಟಿದೆ ಎಂಬ ವಿವರಣೆ ಪ್ರಚಲಿತವಾಗಿದೆ. ಇಯೊಸಿನೊಫಿಲ್ ಸಂಖ್ಯೆ 3,000ಕ್ಕಿಂತ ಮೇಲಿರುತ್ತದೆ. ಐಜಿಇ ಎಂಬ ಪ್ರತಿಕಾಯ 1,000 ಘಟಕಗಳನ್ನು ಮೀರಿರುತ್ತದೆ. ಫೈಲೇರಿಯಾದ ವಿರುದ್ಧದ ಪ್ರತಿಕಾಯಗಳೂ ಬಹಳ ಹೆಚ್ಚಿರುತ್ತವೆ. ಎದೆಯ ಚಿತ್ರದಲ್ಲಿ ಸಣ್ಣ ಚುಕ್ಕೆಗಳು ಕಾಣಬಹುದು, ಕೆಲವರಲ್ಲಿ ಏನೂ ಕಾಣದಿರಬಹುದು. ಹರೆಯದ ಮತ್ತು ನಡುವಯಸ್ಸಿನ ಗಂಡಸರಲ್ಲಿ ಇದು ಹೆಚ್ಚು. ಕೊನೆಯ ಸಾಕ್ಷ್ಯವೆಂದರೆ ಮದ್ದಿಗೆ ರೋಗ ಮಣಿಯುವುದು.

ಮದ್ದು ಸರಳವಾಗಿದೆ, ಅಗ್ಗವಾಗಿಯೂ ಇದೆ. ಡೈಈಥೈಲ್‌ಕಾರ್ಬಮಜೀನನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 6 ಮಿಲಿಗ್ರಾಮಿನಂತೆ ಮೂರು ವಾರ ಕೊಡುವುದು ರೂಢಿ. 50 ಕಿಲೋ ತೂಗುವವರಿಗೆ ದಿನಕ್ಕೆ 300 ಮಿಲಿಗ್ರಾಮ್ ಆಗುತ್ತದೆ. ಜ್ವರ, ತಲೆನೋವು, ವಾಕರಿಕೆ ಬರುವುದುಂಟು. ಗರ್ಭಿಣಿಯರಿಗೆ ಕೊಡುವುದಿಲ್ಲ. ಬಹುಪಾಲು ರೋಗಿಗಳ ಕೆಮ್ಮು ಮೊದಲ ಒಂದೆರಡು ವಾರದಲ್ಲೇ ತಗ್ಗುತ್ತದೆ, ಕಣಗಳ ಸಂಖ್ಯೆಯೂ ಇಳಿಯುತ್ತದೆ. ಹಾಗೆ ಇಳಿಯದಿದ್ದರೆ ರೋಗನಿರ್ಣಯವನ್ನೇ ಮರುಪರಿಶೀಲಿಸಬೇಕು. ಮಾತ್ರೆಯನ್ನು ತಿಂಗಳುಗಟ್ಟಲೆ ಮುಂದುವರಿಸುತ್ತ ಹೋಗುವುದಲ್ಲ. ಐದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರಿಗೆ ರೋಗ ಮರುಕಳಿಸುತ್ತದೆ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಚಿಕಿತ್ಸೆ ತಡವಾದಷ್ಟೂ ಉರಿಯೂತವು ಶ್ವಾಸಕೋಶವನ್ನು ನಾರುಗಟ್ಟಿಸುತ್ತದೆ. ನಾರುಗಟ್ಟಿದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಮದನಪಲ್ಲಿಯ ಕಾಲದಿಂದಲೂ ಗೊತ್ತಿರುವ ರೋಗವೊಂದರಲ್ಲಿ ಎರಡು ವರ್ಷ ಕಳೆದುಹೋಗುವುದರ ಅರ್ಥ ಇದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕರ್ನಾಟಕದಲ್ಲಿ ಫೈಲೇರಿಯಾ ಪೀಡಿತವೆಂದು ಗುರುತಿಸಲಾದ ಜಿಲ್ಲೆಗಳು ಎರಡು ಗುಂಪಿನವು: ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ ಒಂದು ಕಡೆ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಇನ್ನೊಂದು ಕಡೆ. 2004ರಿಂದ ದೇಶದಾದ್ಯಂತ ಇಂತಹ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಇದೇ ಮಾತ್ರೆಯನ್ನು ಹಂಚುವ ಕಾರ್ಯಕ್ರಮ ನಡೆದಿದೆ. ಮುಂದೆ ಅಲ್ಬೆಂಡಜೋಲ್ ಜೊತೆಗೂಡಿತು. ಐವರ್‌ಮೆಕ್ಟಿನನ್ನೂ ಸೇರಿಸಿ ಮೂರು ಮದ್ದುಗಳನ್ನು ಒಟ್ಟಿಗೆ ಕೊಡುವ ಕ್ರಮದ ಸುರಕ್ಷತೆಯ ಅಧ್ಯಯನ ಭಾರತದಲ್ಲಿ ನಡೆದದ್ದು ಯಾದಗಿರಿ ಜಿಲ್ಲೆಯಲ್ಲೇ. 2027ರೊಳಗೆ ರೋಗವನ್ನು ತೊಡೆಯುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿದೆ. ‘ನನ್ನ ಕಾಲು ಚೆನ್ನಾಗಿದೆ, ನನಗೇಕೆ ಆನೆಕಾಲಿನ ಮಾತ್ರೆ’ ಎಂದು ಅದನ್ನು ಬದಿಗಿಡುವವರನ್ನು ನಾನು ಅನೇಕ ಊರುಗಳಲ್ಲಿ ಕಂಡಿದ್ದೇನೆ. ಹೆಸರು ರೂಪಕ್ಕೆ ಅಂಟಿಕೊಂಡಾಗ ರೂಪವಿಲ್ಲದ ಸೋಂಕು ಜನರ ನಂಬಿಕೆಗೆ ನಿಲುಕುವುದಿಲ್ಲ. ಆದರೆ ವರ್ಷಕ್ಕೊಮ್ಮೆ ನುಂಗುವ ಆ ಮಾತ್ರೆ ಸೋಂಕಿನ ಹರಡುವಿಕೆಯನ್ನು ತಡೆಯಲಿಕ್ಕಾಗಿ ಇರುವಂಥದು. ಕೆಮ್ಮು ಹಿಡಿದವರಿಗೆ ಅದೊಂದು ಸಲದ ಮಾತ್ರೆ ಚಿಕಿತ್ಸೆಯಾಗುವುದಿಲ್ಲ. ಅವರಿಗೆ ಮೂರು ವಾರದ ಕ್ರಮವೇ ಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ಸೋಂಕಿನ ಸುಳಿವೇ ಇಲ್ಲದ ಊರಿನವರು, ಧೂಳಿನ ಅಲರ್ಜಿಯಿಂದ ಸೀನುವವರು, ‘ಇಸ್ನೋಫಿಲಿಯಾ ಮಾತ್ರೆ’ ಎಂದು ಅಂಗಡಿಯಲ್ಲಿ ಕೇಳಿ ವರ್ಷಕ್ಕೆ ಎರಡು ಮೂರು ಸಲ ಇದನ್ನೇ ನುಂಗುವುದನ್ನು ಕಂಡಿದ್ದೇನೆ.

ಇತರ ಕಾರಣಗಳು

ಫೈಲೇರಿಯಾ ಒಂದೇ ಕಾರಣವಲ್ಲ. ನಮ್ಮಲ್ಲಿ ಸಂಖ್ಯೆ ಏರುವುದಕ್ಕೆ ಬಹಳ ಸಾಮಾನ್ಯವಾದ ಕಾರಣ ಅಲರ್ಜಿ ಮತ್ತು ಹೊಟ್ಟೆಯ ಹುಳುಗಳು; ಕೊಕ್ಕೆಹುಳು, ಜಂತುಹುಳು ಅವುಗಳಲ್ಲಿ ಮುಖ್ಯ. ಕೆಲವು ಔಷಧಿಗಳು ಒಗ್ಗದಿದ್ದಾಗಲೂ ಏರುತ್ತದೆ. ಜೊತೆಗೆ ಮೈಮೇಲೆ ದದ್ದು, ಜ್ವರ ಬಂದರೆ ಅದು ತುರ್ತಿನ ವಿಷಯ.

ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವಿನ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಬರಿಗಾಲಲ್ಲಿ ಗದ್ದೆಯ ಮಣ್ಣು ತುಳಿಯುವವರ ಚರ್ಮದ ಮೂಲಕ ಒಳಹೊಕ್ಕು, ದೇಹದೊಳಗೇ ಮರುಹುಟ್ಟು ಪಡೆಯುತ್ತ ದಶಕಗಳ ಕಾಲ ಅಡಗಿರಬಲ್ಲ ಹುಳು ಇದು. ಇಯೊಸಿನೊಫಿಲ್ ಹೆಚ್ಚಿದೆ ಎಂದು ಇಂಥವರಿಗೆ ಸ್ಟೀರಾಯ್ಡ್ ಕೊಟ್ಟರೆ ಚೀಟಿಯ ಸಂಖ್ಯೆ ಥಟ್ಟನೆ ಇಳಿಯುತ್ತದೆ. ಹುಳು ಮಾತ್ರ ಎದುರಾಳಿಯಿಲ್ಲದೆ ದೇಹವೆಲ್ಲ ಹರಡಿ ಪ್ರಾಣ ತೆಗೆಯಬಹುದು. ಆದ್ದರಿಂದ ಸ್ಟೀರಾಯ್ಡಿಗೆ ಮುನ್ನ ಈ ಹುಳುವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಥವಾ ಮೊದಲೇ ಐವರ್‌ಮೆಕ್ಟಿನ್ ಕೊಡುವುದು ವೈದ್ಯರು ಪಾಲಿಸುವ ನಿಯಮ. ಉಬ್ಬಸಕ್ಕೆಂದು ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ನುಂಗುವವರಿಗೂ ಈ ಮಾತು ಅನ್ವಯಿಸುತ್ತದೆ, ಏಕೆಂದರೆ ಅಂಥ ಪುಡಿಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತಿರುತ್ತದೆ.

ಹುಳುವೂ ಅಲ್ಲದ, ಅಲರ್ಜಿಯೂ ಅಲ್ಲದ ಅಪರೂಪದ ರೋಗಗಳಿವೆ. 1951ರಲ್ಲಿ ಚರ್ಗ್ ಮತ್ತು ಸ್ಟ್ರಾಸ್ ವಿವರಿಸಿದ, ರಕ್ತನಾಳಗಳ ಉರಿಯೂತದ ರೋಗ ಅವುಗಳಲ್ಲೊಂದು. ಬೆಳೆದ ಮೇಲೆ ಶುರುವಾದ ಉಬ್ಬಸ, ಮೂಗಿನೊಳಗೆ ಬೆಳೆಯುವ ದುರ್ಮಾಂಸ, ಅನಂತರ ಒಂದು ದಿನ ಪಾದ ಎತ್ತಲಾಗದಂತೆ ಜೋಮು ಹಿಡಿಯುವುದು ಅದರ ಗುರುತುಗಳು. ಸಂಖ್ಯೆ 1,500ಕ್ಕಿಂತ ಮೇಲೆಯೇ ನಿಂತು, ಬೇರೆ ಕಾರಣ ಸಿಗದೆ, ಹೃದಯವೋ ನರವೋ ಚರ್ಮವೋ ಕೆಡುತ್ತ ಹೋಗುವ ಸ್ಥಿತಿಗೆ ಹೈಪರ್‌ಇಯೊಸಿನೊಫಿಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇವುಗಳಲ್ಲಿ ಸ್ಟೀರಾಯ್ಡ್ ಮೊದಲ ಆಸರೆ. 2003ರಲ್ಲಿ ಕೆಲವು ರೋಗಿಗಳಲ್ಲಿ ಎರಡು ಜೀನುಗಳ ಬೆಸುಗೆಯೇ ಮೂಲವೆಂದು ತಿಳಿದು, ಅವರಿಗೆ ಇಮ್ಯಾಟಿನಿಬ್ ಎಂಬ ಮಾತ್ರೆ ಅಚ್ಚರಿಯ ಗುಣ ತಂದಿತು. ಇಂಟರ್‌ಲ್ಯೂಕಿನ್–5ನ್ನು ತಡೆಯುವ ಮೆಪೊಲಿಜುಮ್ಯಾಬ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2015ರಲ್ಲಿ ತೀವ್ರ ಉಬ್ಬಸಕ್ಕೂ 2017ರಲ್ಲಿ ಚರ್ಗ್–ಸ್ಟ್ರಾಸ್ ರೋಗಕ್ಕೂ 2020ರಲ್ಲಿ ಈ ಸಿಂಡ್ರೋಮಿಗೂ ಅನುಮತಿ ದೊರೆಯಿತು. ಅದರ ಬೆಲೆ ನಮ್ಮ ಹಾಡುಗಾರರಂತಹವರ ಕೈಗೆ ಎಟುಕುವಂಥದಲ್ಲ.

ನಾಟಿವೈದ್ಯರ ಪ್ರಶ್ನೆಗಳು

ಜನಪದ ವೈದ್ಯವನ್ನು ಈ ವಿಚಾರದಲ್ಲಿ ಎಲ್ಲಿ ನಿಲ್ಲಿಸಬೇಕು? ಆಡುಸೋಗೆಯನ್ನು ಕೆಮ್ಮಿಗೆ ಬಳಸುವ ತಿಳಿವಳಿಕೆ ಪೊಳ್ಳಲ್ಲ. ಅದರೊಳಗಿನ ವ್ಯಾಸಿಸಿನ್ ಎಂಬ ಸತ್ತ್ವದ ರಚನೆಯನ್ನು ಅನುಸರಿಸಿಯೇ ಕಫ ಸಡಿಲಿಸುವ ಬ್ರಾಮ್‌ಹೆಕ್ಸಿನ್ ಎಂಬ ಔಷಧಿ ರೂಪುಗೊಂಡಿತು. ಆದರೆ ಕಫ ಸಡಿಲಿಸುವುದು ಬೇರೆ, ಹುಳುವನ್ನು ಕೊಲ್ಲುವುದು ಬೇರೆ. ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಮೃಗಶಿರಾ ಪ್ರವೇಶದ ಹೊತ್ತಿಗೆ ಜೀವಂತ ಮರಿಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದಿಗೆ ನಮ್ಮ ಗಡಿಜಿಲ್ಲೆಗಳಿಂದ ಹೋಗುವವರು ಬಹಳ. ಆಚರಣೆಯಾಗಿ ಅದು ಅಧ್ಯಯನಯೋಗ್ಯವಾದುದು. ಉಬ್ಬಸಕ್ಕೆ ಗುಣವಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಜಾನಪದದ ಮೇಲಿನ ಅಭಿಮಾನದಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ ಎಂದು ನನ್ನ ನಿಲುವು.

ನಾಟಿವೈದ್ಯರಿಂದ ಕಲಿಯಬೇಕಾದದ್ದು ಮದ್ದಿಗಿಂತ ಹೆಚ್ಚಾಗಿ ಅವರು ಕೇಳುವ ಪ್ರಶ್ನೆಗಳನ್ನು. ನಾನು ಕಂಡ ವೃದ್ಧ ವೈದ್ಯರೊಬ್ಬರು ನಾಡಿ ಹಿಡಿಯುವ ಮೊದಲು ಕೇಳುತ್ತಿದ್ದುದು ಇಷ್ಟು: ಯಾವ ಜಾವದಲ್ಲಿ ಬರುತ್ತದೆ, ಯಾವ ಮಳೆಯಲ್ಲಿ ಹೆಚ್ಚಾಗುತ್ತದೆ, ಎಲ್ಲಿ ಮಲಗುತ್ತೀ, ಯಾವ ನೀರಿನ ಊರಿನಿಂದ ಬಂದೆ. ಆಧುನಿಕ ವೈದ್ಯರು ಈ ರೋಗವನ್ನು ಪತ್ತೆಹಚ್ಚಬೇಕಾದರೆ ಕೇಳಬೇಕಾದ ಪ್ರಶ್ನೆಗಳೂ ಇವೇ. ಬೆಂಗಳೂರಿನ ಆಸ್ಪತ್ರೆಯಲ್ಲಿ ವಿಳಾಸದ ಜಾಗದಲ್ಲಿ ಬೆಂಗಳೂರೆಂದೇ ಬರೆಸಿದ ಕೂಲಿಕಾರ ಭೀಮಾತೀರದವನೆಂದು ಚೀಟಿ ಹೇಳುವುದಿಲ್ಲ. ಭಾರತದಿಂದ ಯೂರೋಪು, ಅಮೆರಿಕಗಳಿಗೆ ಹೋದವರಲ್ಲಿ ಈ ಕೆಮ್ಮನ್ನು ಉಬ್ಬಸವೆಂದು ಭಾವಿಸಿ ಚಿಕಿತ್ಸೆ ಕೊಟ್ಟ ಪ್ರಸಂಗಗಳು ಅಲ್ಲಿನ ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ.

ನಮ್ಮ ಹಾಡುಗಾರರಿಗೆ ಮೂರು ವಾರದ ಮಾತ್ರೆ ಮುಗಿಯುವ ಹೊತ್ತಿಗೆ ರಾತ್ರಿ ನಿದ್ದೆ ಬಂತು. ತಿಂಗಳೆರಡರಲ್ಲಿ ತೂಕ ಏರಿತು. ಮೇಳಕ್ಕೆ ಮರಳಿದರು, ಆದರೆ ಏರುದನಿ ಮರಳಲಿಲ್ಲ, ಉದ್ದದ ಸೊಲ್ಲನ್ನು ಒಂದೇ ಉಸಿರಿಗೆ ಎಳೆಯಲು ಈಗಲೂ ಆಗುವುದಿಲ್ಲ. ಹಿಮ್ಮೇಳದಲ್ಲಿ ತಾಳ ಹಿಡಿದು ಸೊಲ್ಲು ಕೊಡುತ್ತಾರೆ. 2014ರಲ್ಲಿ ಮತ್ತೆ ಕೆಮ್ಮು ಕಾಣಿಸಿಕೊಂಡಿತು. ಆ ಸಲ ಅವರ ಹೆಂಡತಿ ಹಳೆಯ ಚೀಟಿಗಳ ಚೀಲವನ್ನು ಹಿಡಿದು ನೇರವಾಗಿ ಅದೇ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಅವರು ‘ಇಸ್ನೋಫಿಲ್’ ಎನ್ನಲಿಲ್ಲ. “ನಮ್ಮ ಮನಿಯವರಿಗಿ ಹುಳದ ಕೆಮ್ಮು ತಿರುಗಿ ಬಂದದರಿ” ಎಂದರಂತೆ. ಚಿಕಿತ್ಸೆ ಎರಡೇ ದಿನದಲ್ಲಿ ಆರಂಭವಾಯಿತು. ಆ ಊರಿನಲ್ಲಿ ಈಗ ‘ಹುಳದ ಕೆಮ್ಮು’ ಎಂಬ ಮಾತು ಬಳಕೆಯಲ್ಲಿದೆ. ಪಕ್ಕದ ಊರಿನ ಇಬ್ಬರು ಆ ಹೆಸರು ಕೇಳಿಯೇ ತಪಾಸಣೆಗೆ ಹೋಗಿದ್ದಾರೆಂದು ನನ್ನ ಕಳೆದ ಭೇಟಿಯಲ್ಲಿ ತಿಳಿಯಿತು.